ಮಗಳ ಎರಡನೇ ಅಕೌಂಟು

ರಾಮಾಂಜನೇಯ ಗುಡ್ಡದಲ್ಲಿ ಸಂಜೆ ವಾಕಿಂಗ್ ಮುಗಿಸಿ ಕೂತಿದ್ದಾಗ ಗೆಳತಿ ಮೆಲ್ಲಗೆ ಹೇಳಿದಳು, ‘ನನ್ನ ಮಗಳಿಗೆ ಇನ್‌ಸ್ಟಾಗ್ರಾಂನಲ್ಲಿ ಇನ್ನೊಂದು ಅಕೌಂಟ್ ಇದೆ ಕಣೇ. ನೆಂಟರೆಲ್ಲ ನೋಡೋದರಲ್ಲಿ ಯುಗಾದಿ ಫೋಟೊ. ಇದರಲ್ಲಿ ಅಳು, ಟೀಚರ್‌ಗೆ ಬೈಗುಳ, ನನ್ನ ಮೇಲೆ ದೂರು.’

ಅವಳಿಗೆ ಗೊತ್ತಾದದ್ದು ಹೇಗೆ ಅಂತೀರಾ? ಮಗಳ ಹಳೇ ಸಹಪಾಠಿಯ ಹೆಸರಲ್ಲಿ ತಾನೇ ನಕಲಿ ಅಕೌಂಟ್ ತೆರೆದು ಒಳಗೆ ಹೊಕ್ಕಿದ್ದಳು! ಎರಡೇ ವಾರದಲ್ಲಿ ಸಿಕ್ಕಿಬಿದ್ದಳು. ಮಗಳು ಈಗ ಮೂರನೆಯದು ತೆರೆದಿದ್ದಾಳೋ ಏನೋ, ಮನೆಯಲ್ಲಿ ಮಾತಂತೂ ನಿಂತಿದೆ.

ನಾನು ಗೆಳತಿಯ ಪರ ವಹಿಸಲಿಲ್ಲ. ನಾವು ಬಟ್ಟೆ ಮಡಿಕೆ ಕೆಳಗೆ ಡೈರಿ ಬಚ್ಚಿಡುತ್ತಿರಲಿಲ್ವೇನ್ರೀ? ಅಮ್ಮ ನನ್ನದನ್ನು ಓದಿದ ದಿನ ನಾನು ಊಟ ಬಿಟ್ಟಿದ್ದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತೀರ್ಪು ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಅದು ಸರ್ಕಾರದ ಎದುರು ಗೆದ್ದ ಹಕ್ಕು, ತಾಯಿ-ಮಗಳ ಜಗಳಕ್ಕೆ ಬಂದದ್ದಲ್ಲ, ಒಪ್ಪುತ್ತೇನೆ. ಆದರೂ ಹದಿನೈದರ ಹುಡುಗಿಗೆ ಒಂದು ಮೂಲೆ ಬೇಡವೇ?

ನನ್ನ ಚಿಂತೆಯೇ ಬೇರೆ. ಡೈರಿ ಇದ್ದದ್ದು ಒಂದೇ ಪ್ರತಿ. ಈ ಅಕೌಂಟಿಗೆ ಬೀಗ ಹಾಕಿದರೂ ಒಳಗಿರುವ ಮೂವತ್ತು-ನಲವತ್ತು ಜನರ ಕೈಯಲ್ಲೂ ಕೀಲಿ ಇರುತ್ತದೆ. ಪೋಸ್ಟನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದರೆ ಹಾಕಿದವಳಿಗೆ ಸುಳಿವೂ ಸಿಗದು. ಇವತ್ತಿನ ಪ್ರಾಣಸ್ನೇಹಿತೆ ಪರೀಕ್ಷೆ ಹೊತ್ತಿಗೆ ಟೂ ಬಿಟ್ಟಿರುತ್ತಾಳೆ, ಆದರೆ ಲಿಸ್ಟಿನಲ್ಲಿ ಮಾತ್ರ ಹಾಗೇ ಇರುತ್ತಾಳೆ! 2025ರಲ್ಲಿ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲೂ 18ರೊಳಗಿನವರ ಅಕೌಂಟನ್ನು ತಾನಾಗೇ ಪ್ರೈವೇಟ್ ಮಾಡತೊಡಗಿತು. ಅದು ಹೊರಗಿನವರನ್ನು ತಡೆಯುತ್ತದೆ, ಒಳಗಿನವರನ್ನಲ್ಲ.

ಆದ್ದರಿಂದ ಅಕೌಂಟ್ ತೋರಿಸು ಅಂತ ಹಟ ಹಿಡಿಯಬೇಡಿ. ಯಾರಾದರೂ ಫೋಟೊ ಇಟ್ಟುಕೊಂಡು ಹೆದರಿಸಿದರೆ ಮೊದಲು ನನಗೆ ಹೇಳು, ಬೈಯೋದಿಲ್ಲ ಅಂತ ಇವತ್ತೇ ಹೇಳಿಡಿ. ಹಾಗೇನಾದರೂ ಆದರೆ ಮಕ್ಕಳ ಸಹಾಯವಾಣಿ 1098 ಇದೆ, ಸೈಬರ್ ಅಪರಾಧಕ್ಕೆ 1930 ಇದೆ.

ನಾನು ಹುರುಳಿಕಾಯಿ ಸೋಸುತ್ತಾ ನನ್ನ ಮಗಳನ್ನು ಕೇಳಿದೆ, ‘ನಿನ್ನ ಆ ಇನ್ನೊಂದರಲ್ಲಿ ಎಷ್ಟು ಜನ ಇದ್ದಾರೆ? ಅವರಲ್ಲಿ ಎಷ್ಟು ಜನರ ಜೊತೆ ಈಗ ಮಾತಿದೆ?’ ಮುಖ ಕೆಂಪಗಾಯಿತು, ಉತ್ತರ ಬರಲಿಲ್ಲ. ರಾತ್ರಿ ಹಾಸಿಗೆ ಹಾಸುವಾಗ ತಾನಾಗೇ ಹೇಳಿದಳು, ‘ಆರು ಜನರನ್ನ ತೆಗೆದುಬಿಟ್ಟೆ ಅಮ್ಮ.’

ಯಾರ್‍ಯಾರು ಅಂತ ನಾನು ಕೇಳಲಿಲ್ಲ.