ತಿರುಗಿ ಬರುವ ಲೆಕ್ಕ



ಇಂಜಿನ್ ಇಲ್ಲ, ಪೆಟ್ರೋಲ್ ಇಲ್ಲ, ಮುಂದೆ ತಿರುಗುವ ಪಂಖವೂ ಇಲ್ಲ. ಬರಿಗೈಯಿಂದ ಎಸೆದ ಪುಟ್ಟ ವಿಮಾನ ಎಷ್ಟು ಹೊತ್ತು ಆಕಾಶದಲ್ಲಿ ಇದ್ದೀತು ಹೇಳಿ? ನಾವು ಚಿಕ್ಕವರಿದ್ದಾಗ ನೋಟ್‌ಬುಕ್ಕಿನ ಹಾಳೆ ಹರಿದು ಮಾಡುತ್ತಿದ್ದ ವಿಮಾನ ಅಂಗಳ ದಾಟುವ ಮೊದಲೇ ನೆಲ ಕಚ್ಚುತ್ತಿತ್ತು. ಅದೇ ಆಟವನ್ನು ದೊಡ್ಡವರು ಗಂಭೀರವಾಗಿ ಆಡುತ್ತಾರೆ, ಅದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಕೂಡ ಇದೆ ಎಂದರೆ ನಂಬುತ್ತೀರಾ? ಮೊದಲನೆಯದು 2011ರಲ್ಲಿ ಸ್ವೀಡನ್ನಿನ ಅರ್ಬೋಗಾದಲ್ಲಿ ನಡೆಯಿತು.

ನನ್ನ ತಂಗಿಯ ಮಗ ಪುಣೆಯಲ್ಲಿ ಹುಟ್ಟಿ ಬೆಳೆದವನು. ನಿಮ್ಮ ಹಾಗೆಯೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್. ಎರಡು ವರ್ಷದ ಉಳಿತಾಯವನ್ನೆಲ್ಲ ಸುರಿದು ಯುರೋಪಿನಲ್ಲಿ ಇಂಥದೊಂದು ಸ್ಪರ್ಧೆಗೆ ಹೋಗಿ ಬಂದ. ಅವನ ಬಾಯಿಂದ ಕೇಳಿದ್ದನ್ನು ನಿಮಗೂ ಹೇಳಬೇಕೆನಿಸಿತು.

ಈ ಗ್ಲೈಡರಿನ ರೆಕ್ಕೆ ತುದಿಯಿಂದ ತುದಿಗೆ ಒಂದೂವರೆ ಮೀಟರ್ ಮೀರುವಂತಿಲ್ಲ, ತೂಕ 600 ಗ್ರಾಂ ದಾಟುವಂತಿಲ್ಲ. ಆಟಗಾರ ರೆಕ್ಕೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಡಿಸ್ಕಸ್ ಎಸೆಯುವವರಂತೆ ಗಿರ್ರನೆ ಒಂದು ಸುತ್ತು ತಿರುಗಿ ಬಿಟ್ಟುಬಿಡುತ್ತಾನೆ. ಪಳಗಿದ ಕೈಯಾದರೆ ಐವತ್ತು ಅರವತ್ತು ಮೀಟರ್ ಮೇಲೇರುತ್ತದೆ. ಆಮೇಲೆ ರೇಡಿಯೋದಿಂದ ತಿರುಗಿಸಬಹುದು, ಬಾಗಿಸಬಹುದು. ಆದರೆ ಮೇಲಕ್ಕೆ ಒಯ್ಯುವ ಶಕ್ತಿ ಬರಬೇಕಾದ್ದು ಗಾಳಿಯಿಂದಲೇ.

ಆ ಗಾಳಿ ಎಲ್ಲಿದೆ? ಮಧ್ಯಾಹ್ನ ನಿಮ್ಮ ಕಟ್ಟಡದ ತಾರಸಿಯ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುವುದನ್ನು ನೋಡಿದ್ದೀರಲ್ಲ, ಅದೇ ಇದು. ಒಣನೆಲ ಬಿಸಿಲಿಗೆ ಬೇಗ ಕಾಯುತ್ತದೆ. ಅಲ್ಲಿನ ಬಿಸಿಗಾಳಿ ಕಂಬದಂತೆ ಮೇಲೇಳುತ್ತದೆ. ಇದಕ್ಕೆ ಥರ್ಮಲ್ ಎಂದು ಹೆಸರು. ಕಣ್ಣಿಗೆ ಕಾಣದು. ಕೋಲಿನ ತುದಿಗೆ ಕಟ್ಟಿದ ರಿಬ್ಬನ್ ದಿಕ್ಕು ಬದಲಿಸಿತೇ, ಕೆನ್ನೆಗೆ ತಾಗುವ ಗಾಳಿ ನಿಂತಿತೇ, ಹುಳ ಹಿಡಿಯುವ ಹಕ್ಕಿಗಳು ಎಲ್ಲಿ ಗುಂಪುಗೂಡಿವೆ ಎಂದು ನೋಡಿ ಊಹಿಸಬೇಕು.

ಒಂದು ಗುಂಪಿನವರೆಲ್ಲ ಒಂದೇ ಹೊತ್ತಿನಲ್ಲಿ, ಒಂದೇ ಮೈದಾನದಲ್ಲಿ ಹಾರಿಸಬೇಕು. ಗುಂಪಿನಲ್ಲಿ ಮೊದಲಿಗನಿಗೆ 1000 ಅಂಕ, ಉಳಿದವರಿಗೆ ಅದೇ ಅನುಪಾತದಲ್ಲಿ. ಅವನು 590 ಸೆಕೆಂಡು ಹಾರಿಸಿ ನೀವು 472 ಹಾರಿಸಿದರೆ ನಿಮಗೆ 800. ನನಗೆ ಒಳ್ಳೆಯ ಗಾಳಿ ಸಿಗಲಿಲ್ಲ ಎಂಬ ನೆವ ಹೇಳುವುದು ಕಷ್ಟ. ಯಾರ ಗುಟ್ಟೂ ಗುಟ್ಟಾಗಿ ಉಳಿಯದು. ಒಬ್ಬನ ಗ್ಲೈಡರ್ ಏರತೊಡಗಿದರೆ ಎಲ್ಲರ ಕಣ್ಣೂ ಅಲ್ಲಿಗೇ.

ಪ್ರತಿಯೊಬ್ಬ ಆಟಗಾರನಿಗೂ ಒಬ್ಬ ಸಹಾಯಕ ಇರಬಹುದು. ಸಾಮಾನ್ಯವಾಗಿ ಅವನು ಎಸೆಯುವಂತಿಲ್ಲ, ಹಿಡಿಯುವಂತಿಲ್ಲ. ಪಕ್ಕದಲ್ಲಿ ನಿಂತು ಆಕಾಶ ನೋಡಿ ಹೇಳಬಹುದು, ಅಷ್ಟೆ. ಒಬ್ಬನೇ ಹೋಗಿದ್ದ ನಮ್ಮ ಹುಡುಗನಿಗೆ ಬೇರೆ ದೇಶದ ಒಬ್ಬ ಹಿರಿಯರು ತಾವಾಗಿಯೇ ಸಹಾಯಕರಾಗಿ ನಿಂತರಂತೆ. ಸ್ಪರ್ಧಿಗಳಲ್ಲಿ ಹೀಗೂ ಇರುತ್ತದೆ.

ಆ ಸುತ್ತಿನಲ್ಲಿ ಹತ್ತು ನಿಮಿಷದೊಳಗೆ ತಲಾ ಎರಡು ನಿಮಿಷದ ಐದು ಹಾರಾಟ ಆಗಬೇಕು. ಎರಡು ನಿಮಿಷ ಮೀರಿದರೆ ಹೆಚ್ಚಿನ ಅಂಕವಿಲ್ಲ. ಮೊದಲಿನೆರಡು ಚೆನ್ನಾಗಿ ಆದವು. ಮೂರನೆಯದಕ್ಕೆ ಬಲವಾದ ಥರ್ಮಲ್ ಸಿಕ್ಕಿತು. ಆದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ, ಗಾಳಿ ಬೀಸಿದ ಕಡೆಗೆ ತೇಲುತ್ತಾ ಹೋಗುತ್ತದೆ. ಹಿರಿಯರು, "ಸಾಕು, ತಿರುಗಿಸು" ಎಂದರು. ಇವನಿಗೆ ಇನ್ನೊಂದು ಸುತ್ತಿನ ಆಸೆ. ತಿರುಗಿಸಿದಾಗ ಎದುರುಗಾಳಿ, ಥರ್ಮಲ್ಲಿನ ಸುತ್ತ ಗಾಳಿ ಕೆಳಗಿಳಿಯುತ್ತಿರುತ್ತದೆ ಬೇರೆ. ಗ್ಲೈಡರ್ ಗಡಿಯಾಚೆ ಜೋಳದ ಹೊಲದಲ್ಲಿ ಇಳಿಯಿತು. ಗಡಿಯಾಚೆ ಇಳಿದ ಹಾರಾಟಕ್ಕೆ ಸೊನ್ನೆ.

"ಆಮೇಲೇನು ಮಾಡಿದೆಯೋ?" ಎಂದೆ.

"ಏನು ಮಾಡೋದು ದೊಡ್ಡಮ್ಮಾ? ಗ್ಲೈಡರ್ ತಂದು ಮತ್ತೆ ಎಸೆದೆ. ಅವರು ಮಾತ್ರ 'ನಾನು ಹೇಳಿರಲಿಲ್ಲವೇ' ಅಂತ ಒಂದು ಮಾತೂ ಆಡಲಿಲ್ಲ. 'ಬಲಕ್ಕೆ ಹೋಗು, ರಿಬ್ಬನ್ ಆ ಕಡೆ ತಿರುಗಿದೆ' ಅಂದರು."

ಅವನಿಗೆ ಪದಕ ಬರಲಿಲ್ಲ. ಉಳಿದ ಸುತ್ತುಗಳಲ್ಲಿ ಅವರು "ತಿರುಗಿಸು" ಎಂದ ಕೂಡಲೇ ತಿರುಗಿಸಿದನಂತೆ. ನೆಲ ಮುಟ್ಟುವ ಮೊದಲೇ ಕೈಯಲ್ಲಿ ಹಿಡಿದು ಅದೇ ಓಟದಲ್ಲಿ ಮತ್ತೆ ಎಸೆಯುವುದನ್ನೂ ಕಲಿತು ಬಂದ.

ಮಿತ್ರರೇ, ದೂರ ಹೋಗಬೇಡಿ ಎಂದು ನಿಮ್ಮ ಅಪ್ಪ ಅಮ್ಮ ಹೇಳಿದಾಗ ನಿಮಗೆ ಸಿಟ್ಟು ಬರುತ್ತದೆ. ನಿಮ್ಮ ವಯಸ್ಸಿನಲ್ಲಿ ನನಗೂ ಬರುತ್ತಿತ್ತು. ಹೋಗಿ, ಧಾರಾಳವಾಗಿ ಹೋಗಿ. ಮೈದಾನ ಬಿಟ್ಟು ಕದಲದವನಿಗೆ ಥರ್ಮಲ್ ಎಲ್ಲಿಂದ ಸಿಗಬೇಕು? ಮರಳುವ ಖರ್ಚನ್ನು ಮಾತ್ರ ಹೋಗುವಾಗಲೇ ಲೆಕ್ಕ ಹಾಕಿಡಿ. ಅದು ಯಾವಾಗಲೂ ಹೋಗುವ ಖರ್ಚಿಗಿಂತ ಒಂದು ಕೈ ಹೆಚ್ಚೇ. ಇನ್ನು ಪೋಷಕರು ಇದನ್ನು ಓದುತ್ತಿದ್ದರೆ, ಆ ಹಿರಿಯರ ನಾಲಿಗೆಯ ಹಿಡಿತವನ್ನು ಗಮನಿಸಿ.

ಆಸಕ್ತಿ ಇದ್ದವರಿಗೆ ಎರಡು ಮಾತು. ಮೊದಲು ಅಗ್ಗದ ಫೋಮ್ ಗ್ಲೈಡರಿನಲ್ಲಿ ಕೈ ಪಳಗಿಸಿ. ವಿಶ್ವ ಚಾಂಪಿಯನ್‌ಷಿಪ್ಪಿನವರೆಗೆ ಹೋಗುವ ಮನಸ್ಸಿದ್ದರೆ ಅಂತರರಾಷ್ಟ್ರೀಯ ಒಕ್ಕೂಟದ ಕ್ರೀಡಾ ಲೈಸೆನ್ಸ್ ಬೇಕು. ನಮ್ಮಲ್ಲಿ ಆ ಒಕ್ಕೂಟದ ಸದಸ್ಯ ಸಂಸ್ಥೆ ಏರೋ ಕ್ಲಬ್ ಆಫ್ ಇಂಡಿಯಾ. ಪ್ರಯಾಣದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ.

ಇಷ್ಟೆಲ್ಲ ಬೇಡವೆಂದರೆ ಬರುವ ಭಾನುವಾರ ಊಟವಾದ ಮೇಲೆ ತಾರಸಿಗೆ ಹೋಗಿ, ಒಂದು ಹದ್ದನ್ನು ಹತ್ತು ನಿಮಿಷ ನೋಡಿ. ಅದು ಯಾವ ಗಳಿಗೆಯಲ್ಲಿ ಸುತ್ತುವುದನ್ನು ಬಿಟ್ಟು ನೇರ ಹೊರಡುತ್ತದೆ ಎಂದು ಗಮನಿಸಿ ನನಗೆ ಬರೆಯಿರಿ.