ಹೊನ್ನು ತೊಳೆಯುವ ಪೆಟ್ಟಿಗೆ

ಗೂಡಲೂರಿನ ಕಡೆಯ ಹಳ್ಳಿಯೊಂದರಿಂದ ಸಹೋದರಿಯೊಬ್ಬರು ಬರೆದ ಕಾಗದ ಕಳೆದ ತಿಂಗಳು ನಮ್ಮ ಕೈಸೇರಿತು. ಅವರ ಮಗನು ಹತ್ತನೆಯ ತರಗತಿಯ ಪರೀಕ್ಷೆ ಬರೆದು ರಜೆಯಲ್ಲಿರುವನು. ನ್ಯೂಜಿಲೆಂಡಿನ ಹೊಳೆಗಳಲ್ಲಿ ಗಂಡಹೆಂಡಿರು ಮಕ್ಕಳೊಡಗೂಡಿ ಬಿಡುವಿನ ದಿನಗಳಲ್ಲಿ ಮರಳು ತೊಳೆದು ಚಿನ್ನದ ಕಣಗಳನ್ನು ಹೆಕ್ಕುವುದನ್ನು ಮೊಬೈಲಿನಲ್ಲಿ ಕಂಡು, ಹಳೆಯ ಹಲಗೆಗಳಿಂದ ತಾನೂ ಅಂಥದೊಂದು ಪೆಟ್ಟಿಗೆಯನ್ನು ಮಾಡಿಕೊಂಡಿದ್ದಾನಂತೆ. ಅದನ್ನು ಮನೆಯ ಹಿಂದಿನ ಹಳ್ಳದಲ್ಲಿ ಹೂಡಬೇಕೆಂದು ಅವನ ಹಟ. ಪಾದರಸ ಬೆರೆಸಿದರೆ ಚಿನ್ನ ಹೆಚ್ಚು ಸಿಗುವುದೆಂದೂ ಅದನ್ನು ತಾನು ತಂದುಕೊಡುವೆನೆಂದೂ ನೆರೆಯವನೊಬ್ಬನು ಅವನ ಕಿವಿಯಲ್ಲಿ ಊದಿದ್ದಾನೆ. “ಮಾಸ್ತರರೇ, ಆ ಪೆಟ್ಟಿಗೆಯನ್ನು ಒಲೆಗೆ ಹಾಕಲೇ, ಅಥವಾ ಸುಮ್ಮನಿರಲೇ?” ಎಂದು ತಾಯಿಯ ಪ್ರಶ್ನೆ.

ಒಲೆಗೆ ಖಂಡಿತ ಹಾಕಬಾರದು. ಹಳ್ಳಕ್ಕೂ ಇಳಿಸಬಾರದು. ಪಾದರಸವಂತೂ ಮನೆಯ ಹೊಸ್ತಿಲನ್ನೇ ದಾಟಬಾರದು. ಇಷ್ಟನ್ನು ಆ ತಾಯಿಗೆ ಅಂಚೆಯ ಕಾರ್ಡಿನಲ್ಲಿ ಆಗಲೇ ಬರೆದು ತಿಳಿಸಿದ್ದೇವೆ. ಆದರೆ ಹದಿನಾರರ ಹುಡುಗನಿಗೆ ಬರಿಯ ‘ಬಾರದು’ಗಳು ಸಾಲುವುದಿಲ್ಲವೆಂಬುದು ಮೂವತ್ತು ವರ್ಷ ಪಾಠಹೇಳಿದ ನಮಗೆ ಗೊತ್ತಿರುವ ಸಂಗತಿ. ಕಾರಣವನ್ನೂ ಹೇಳಬೇಕು, ಕೈಗೆ ಕೆಲಸವನ್ನೂ ಕೊಡಬೇಕು.

ಮೊದಲು ಹಳ್ಳದ ಮಾತು. ಆ ಹುಡುಗನ ಆಸೆ ಹುಚ್ಚಲ್ಲ. ಅವನು ನಿಂತಿರುವ ನೆಲದಲ್ಲಿ ಚಿನ್ನವಿರುವುದು ನಿಜ. ದೇವಾಲ, ಪಂದಲೂರುಗಳ ಸುತ್ತಿನ ಹಳ್ಳಗಳಲ್ಲಿ ಕುರುಂಬರೂ ಪಣಿಯರೂ ಬಹುಕಾಲದಿಂದ ಮರದ ಮರಿಗೆಗಳಲ್ಲಿ ಮರಳನ್ನು ತೊಳೆದು ಹೊನ್ನಿನ ಹುಡಿಯನ್ನು ತೆಗೆಯುತ್ತಿದ್ದರು. ಘಟ್ಟದ ಕೆಳಗೆ ನಿಲಂಬೂರಿನ ಚಾಲಿಯಾರ್ ಹೊಳೆಯಲ್ಲಿಯೂ ಇದೇ ಕಸುಬು ನಡೆದುಬಂದಿದೆ. ಇದರ ಸುದ್ದಿ ಬಿಳಿಯರ ಕಿವಿಗೆ ಬಿದ್ದು, ಆಸ್ಟ್ರೇಲಿಯದ ವಿಕ್ಟೋರಿಯದಿಂದ ಬಂದ ಬ್ರಫ್ ಸ್ಮಿತ್ ಎಂಬ ಗಣಿಗಾರಿಕೆಯ ತಜ್ಞರು 1880ರಲ್ಲಿ ವರದಿಯೊಂದನ್ನು ಒಪ್ಪಿಸಿದ್ದೇ ತಡ, ಲಂಡನ್ನಿನಲ್ಲಿ ವಯನಾಡಿನ ಚಿನ್ನದ ಹೆಸರಿನಲ್ಲಿ ಕಂಪನಿಗಳ ಮೇಲೆ ಕಂಪನಿಗಳು ಎದ್ದವು. ಲಕ್ಷಾಂತರ ಪೌಂಡುಗಳ ಷೇರುಗಳು ಮಾರಾಟವಾದವು. ಬೆಟ್ಟ ಕೊರೆದು ಯಂತ್ರಗಳನ್ನು ನಿಲ್ಲಿಸಿದ ಮೇಲೆ ನೋಡಿದರೆ ಕಲ್ಲಿನಲ್ಲಿ ಸಿಕ್ಕ ಚಿನ್ನ ಖರ್ಚಿಗೂ ಸಾಲದು. ಕೆಲವೇ ವರ್ಷಗಳಲ್ಲಿ ಎಲ್ಲವೂ ಮುಳುಗಿ, ಸುರಂಗಗಳು ಮಾತ್ರ ಚಹಾ ತೋಟಗಳ ನಡುವೆ ಬಾಯ್ದೆರೆದುಕೊಂಡು ಉಳಿದವು. ಆ ಹಳೆಯ ಸುರಂಗಗಳೊಳಗೆ ಕದ್ದು ಅಗೆಯಲು ಹೋಗಿ ಮಣ್ಣು ಕುಸಿದು ಪ್ರಾಣ ಕಳೆದುಕೊಂಡ ಬಡವರೂ ಉಂಟು. ಹಳ್ಳದಲ್ಲಿ ನಾಲ್ಕು ಕಣ ಕಂಡವನ ಕಣ್ಣು ಬೆಟ್ಟದ ಬಿಲದತ್ತ ಹೊರಳುವುದು ತಡವಲ್ಲ. ತಾಯಿಯ ಭಯಕ್ಕೆ ಇದೇ ಮೂಲವಿರಬೇಕೆಂದು ನಾವು ಊಹಿಸುತ್ತೇವೆ.

ಕಾನೂನಿನ ಮಾತು ಚುಟುಕಾಗಿದೆ. ನಮ್ಮ ದೇಶದಲ್ಲಿ 1957ರ ಗಣಿ ಮತ್ತು ಖನಿಜಗಳ ಕಾಯಿದೆಯ ಪ್ರಕಾರ ಪರವಾನಿಗೆಯಿಲ್ಲದೆ ಖನಿಜವನ್ನು ಹುಡುಕುವುದೂ ತೆಗೆಯುವುದೂ ಅಪರಾಧ. 2015ರ ತಿದ್ದುಪಡಿಯ ಬಳಿಕ ಐದು ವರ್ಷಗಳವರೆಗೆ ಸೆರೆಮನೆಯ ಶಿಕ್ಷೆಯನ್ನು ವಿಧಿಸುವ ಅವಕಾಶವಿದೆ. ಹಳ್ಳವು ಅರಣ್ಯದ ಸೆರಗಿನಲ್ಲಿದ್ದರೆ ಅರಣ್ಯದ ಕಾನೂನುಗಳು ಬೇರೆ. ‘ವಿನೋದಕ್ಕಾಗಿ ಮಾಡಿದೆ’ ಎಂಬ ಉತ್ತರವನ್ನು ಯಾರೂ ಕೇಳುವುದಿಲ್ಲ. ನ್ಯೂಜಿಲೆಂಡಿನವರು ಹಾಗೆ ಮಾಡುತ್ತಿರುವುದು ಹೇಗೆಂದರೆ, ಅಲ್ಲಿನ ಸರಕಾರವೇ ದಕ್ಷಿಣ ದ್ವೀಪದಲ್ಲಿ ಕೆಲವು ಹೊಳೆದಂಡೆಗಳನ್ನು ಸಾರ್ವಜನಿಕರ ಹವ್ಯಾಸಕ್ಕೆಂದು ಗುರುತಿಸಿ ಬಿಟ್ಟಿದೆ. ಅಲ್ಲಿಯೂ ಕೈಯ ಸಲಕರಣೆಗಳಿಗೆ ಮಾತ್ರ ಅನುಮತಿ, ಮೋಟಾರಿಗೆ ಇಲ್ಲ. ವಿಕ್ಟೋರಿಯದಲ್ಲಿ ಹತ್ತು ವರ್ಷಗಳ ಅವಧಿಯ ಪರವಾನಿಗೆಯ ಚೀಟಿಯನ್ನು ಹಣ ಕೊಟ್ಟು ಪಡೆಯಬೇಕು. ಚಿತ್ರದಲ್ಲಿ ಹೊಳೆ ಕಾಣುತ್ತದೆ, ಪೆಟ್ಟಿಗೆ ಕಾಣುತ್ತದೆ, ಚೀಟಿ ಕಾಣುವುದಿಲ್ಲ.

ಇನ್ನು ಪಾದರಸ. ಮರಳಿನಲ್ಲಿರುವ ಸಣ್ಣ ಚಿನ್ನವು ಪಾದರಸಕ್ಕೆ ಅಂಟಿಕೊಂಡು ಮುದ್ದೆಯಾಗುತ್ತದೆ. ಆ ಮುದ್ದೆಯನ್ನು ಬೆಂಕಿಯ ಮೇಲಿಟ್ಟರೆ ಪಾದರಸ ಆವಿಯಾಗಿ ಹಾರಿ ಚಿನ್ನ ಉಳಿಯುತ್ತದೆ. ಹಾರಿದ ಪಾದರಸವು ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಅದು ಮಾಡಿಗೆ, ಗೋಡೆಗೆ, ಒಲೆಯ ಬಳಿ ಕುಳಿತವರ ಶ್ವಾಸಕೋಶಕ್ಕೆ ಹೋಗಿರುತ್ತದೆ. ಕಣ್ಣಿಗೆ ಕಾಣದ ಈ ಆವಿಯು ಮೆದುಳನ್ನೂ ನರಗಳನ್ನೂ ಕೆಡಿಸುವುದು. ಗರ್ಭದಲ್ಲಿರುವ ಕೂಸಿಗೂ ಎಳೆಯ ಮಕ್ಕಳಿಗೂ ಅದರ ಪೆಟ್ಟು ಹೆಚ್ಚು. ಹೊಳೆಗೆ ಚೆಲ್ಲಿದ ಪಾದರಸವು ಕೆಸರಿನಲ್ಲಿ ರೂಪಾಂತರ ಹೊಂದಿ ಮೀನಿನ ಮೂಲಕ ಊಟದ ಎಲೆಗೆ ಹಿಂತಿರುಗುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದರ ತ್ಯಾಜ್ಯದಿಂದ ಇಂಥ ವಿಷವುಂಡ ಜನರ ರೋಗವು 1956ರಲ್ಲಿ ಬೆಳಕಿಗೆ ಬಂತು. ಆ ಊರಿನ ಹೆಸರಿನಲ್ಲಿಯೇ 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು 2018ರಲ್ಲಿ ಭಾರತವೂ ಅಂಗೀಕರಿಸಿದೆ. ಪಾದರಸ ತಂದುಕೊಡುವ ನೆರೆಯವನಿಗೆ ಇದನ್ನು ಓದಿಹೇಳಿದರೆ ಒಳ್ಳೆಯದು. ಅವನ ಮನೆಯಲ್ಲಿಯೂ ಮಕ್ಕಳಿರಬಹುದು.

ಈಗ ಪೆಟ್ಟಿಗೆಗೆ ಬರೋಣ. ಅದರ ತತ್ತ್ವವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಹೆಂಗಸರು ಅಕ್ಕಿಯನ್ನು ಜಾಲಿಸುವುದನ್ನು ನೋಡಿದರೆ ಸಾಕು. ಪಾತ್ರೆಯನ್ನು ಓರೆಯಾಗಿ ಹಿಡಿದು ನೀರನ್ನು ತುಳುಕಿಸುತ್ತ ಬಂದಂತೆ ಅಕ್ಕಿಯು ನೀರಿನೊಂದಿಗೆ ಇನ್ನೊಂದು ಪಾತ್ರೆಗೆ ದಾಟುತ್ತದೆ, ಭಾರವಾದ ಕಲ್ಲು ತಳದಲ್ಲಿ ನಿಲ್ಲುತ್ತದೆ. ಅಲ್ಲಿ ಕಲ್ಲನ್ನು ಚೆಲ್ಲುತ್ತೇವೆ. ಹೊನ್ನು ತೊಳೆಯುವವನು ತಳದಲ್ಲಿ ನಿಂತದ್ದನ್ನು ಇಟ್ಟುಕೊಂಡು ಹೋದದ್ದನ್ನು ಬಿಡುತ್ತಾನೆ, ವ್ಯತ್ಯಾಸ ಅಷ್ಟೇ. ಇಂದಿನ ಗದಗ ಜಿಲ್ಲೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಈ ಕೆಲಸ ಮಾಡುತ್ತಿದ್ದವರನ್ನು ಜಲಗಾರರೆಂದೇ ಕರೆಯುತ್ತಿದ್ದರು. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟರು ದಂಬಳದ ಗುಡ್ಡಗಳ ಚಿನ್ನದ ಕುರಿತು ಬರೆದಾಗ ದಾರಿತೋರಿದ್ದು ಇವರ ಕಸುಬೇ. ಅಕ್ಕಸಾಲಿಗರ ಕೇರಿಯ ಧೂಳನ್ನು ತೊಳೆದು ಕಳೆದುಹೋದ ಹೊನ್ನನ್ನು ಹುಡುಕುವವರಿಗೂ ಅದೇ ಹೆಸರು. ಮುಂದೆ ಆ ಮಾತು ಬೀದಿ ಗುಡಿಸುವವನೆಂಬ ಅರ್ಥಕ್ಕಿಳಿದದ್ದು ನಮ್ಮ ಸಮಾಜದ ಮಾತಾಯಿತು, ಭಾಷೆಯದಲ್ಲ.

ಲೆಕ್ಕವನ್ನೂ ನೋಡಿಬಿಡೋಣ. ಒಂದು ಲೀಟರು ಪಾತ್ರೆಯನ್ನು ಅಂಚಿನವರೆಗೆ ತುಂಬುವ ನೀರು 1 ಕಿಲೋ ತೂಗಿದರೆ, ಅದೇ ಗಾತ್ರದ ಬಿಳಿಗಲ್ಲಿನ ಗಟ್ಟಿ ತುಂಡು 2.65 ಕಿಲೋ, ಚಿನ್ನದ ಗಟ್ಟಿ 19.3 ಕಿಲೋ. ಗಾಳಿಯಲ್ಲಿ ತೂಗಿದಾಗ ಚಿನ್ನವು ಮರಳಿನ ಏಳು ಪಟ್ಟು ಭಾರ. ನೀರಿನೊಳಗೆ ಮುಳುಗಿಸಿದರೋ, ಎರಡೂ ತಮ್ಮ ಗಾತ್ರದ ನೀರಿನ ತೂಕವನ್ನು ಕಳೆದುಕೊಳ್ಳುತ್ತವೆ. ಉಳಿಯುವುದು 18.3 ಮತ್ತು 1.65. ಈಗ ಅಂತರ ಹನ್ನೊಂದು ಪಟ್ಟು! ನೀರು ಬರಿದೇ ಮರಳನ್ನು ಒಯ್ಯುವ ಆಳಲ್ಲ, ಭೇದವನ್ನು ಹಿಗ್ಗಿಸುವ ತಕ್ಕಡಿಯೂ ಹೌದು. ಆರ್ಕಿಮಿಡೀಸನ ಪಾಠವನ್ನು ಕಂಠಪಾಠ ಮಾಡಿಸುವ ಅಧ್ಯಾಪಕ ಬಂಧುಗಳು ಈ ಲೆಕ್ಕವನ್ನೊಮ್ಮೆ ಕರಿಹಲಗೆಯ ಮೇಲೆ ಬಿಡಿಸಿ ನೋಡಬೇಕು.

ಮರಿಗೆಯಲ್ಲಿ ಒಂದೊಂದೇ ಬೊಗಸೆಯನ್ನು ತೊಳೆಯುವುದು ನಿಧಾನದ ಕೆಲಸ. 1848ರ ಜನವರಿ 24ರಂದು ಕ್ಯಾಲಿಫೋರ್ನಿಯದಲ್ಲಿ ಜೇಮ್ಸ್ ಮಾರ್ಷಲ್ ಎಂಬಾತನಿಗೆ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಚಿನ್ನ ಕಂಡ ಮೇಲೆ ಅಲ್ಲಿಗೆ ಮುತ್ತಿದ ಜನಕ್ಕೆ ಅಷ್ಟು ತಾಳ್ಮೆಯಿರಲಿಲ್ಲ. ತೊಟ್ಟಿಲಿನಂತೆ ತೂಗುವ ಪೆಟ್ಟಿಗೆ ಬಂತು, ಬಳಿಕ ಉದ್ದನೆಯ ಹಲಗೆಯ ದೋಣಿಗಳು ಬಂದವು. ಕಡೆಗೆ ಫಿರಂಗಿಯಂಥ ನಳಿಗೆಗಳಿಂದ ನೀರು ಹಾಯಿಸಿ ಗುಡ್ಡಗಳನ್ನೇ ಕರಗಿಸತೊಡಗಿದರು. ಕೆಳಗಿನ ಬಯಲಿನ ರೈತರ ಹೊಲಗಳು ಹೂಳಿನಲ್ಲಿ ಮುಚ್ಚಿಹೋದವು. ಅವರು ನ್ಯಾಯಾಲಯಕ್ಕೆ ಹೋಗಿ 1884ರಲ್ಲಿ ಆ ಹೂಳನ್ನು ಹೊಳೆಗೆ ಬಿಡುವುದನ್ನು ನಿಲ್ಲಿಸಿದರು. ಅಂದು ಚೆಲ್ಲಿದ ಪಾದರಸವು ಅಲ್ಲಿನ ಹೊಳೆಗಳ ಕೆಸರಿನಲ್ಲಿ ಇಂದಿಗೂ ಇದೆ.

ಅವರ ಆ ದೋಣಿಯ ಚಿಕ್ಕ ರೂಪವೇ ಗೂಡಲೂರಿನ ಹುಡುಗನ ಪೆಟ್ಟಿಗೆ. ಶಾಲೆಯ ಅಂಗಳದಲ್ಲಿ ಇದನ್ನು ಮಾಡುವ ಕ್ರಮ ಹೀಗೆ. ಮೂರು ಅಡಿ ಉದ್ದ, ಎಂಟು ಅಂಗುಲ ಅಗಲದ ಒಂದು ಹಲಗೆ ತಳಕ್ಕೆ; ನಾಲ್ಕು ಅಂಗುಲ ಎತ್ತರದ ಎರಡು ಹಲಗೆಗಳು ಬದಿಗೆ. ಎರಡು ತುದಿಗಳೂ ತೆರೆದಿರಬೇಕು. ನಮ್ಮ ಕಾಸರಗೋಡು ಸೀಮೆಯಲ್ಲಿ ಅಡಿಕೆಯ ದಂಬೆ ಬೇಕಾದಷ್ಟಿರುವಾಗ ಹಲಗೆಯೇಕೆ ಎಂದು ಕೇಳುವವರಿಗೆ ಉತ್ತರ: ದಂಬೆಯ ತಳ ದುಂಡು. ನೀರೆಲ್ಲ ನಡುವೆ ಕೂಡಿ ಅಲ್ಲಿ ರಭಸವಾಗುತ್ತದೆ, ಅಂಚುಗಳಲ್ಲಿ ಸೋಮಾರಿಯಾಗುತ್ತದೆ. ಪೆಟ್ಟಿಗೆಗೆ ಬೇಕಾದದ್ದು ಅಗಲಕ್ಕೂ ಒಂದೇ ಸಮನಾದ ಹರಿವು. ದಂಬೆಯು ನೀರನ್ನು ಪೆಟ್ಟಿಗೆಯವರೆಗೆ ತರುವುದಕ್ಕೆ ಬಹಳ ಯೋಗ್ಯ.

ತಳದ ಮೇಲೆ ಒಂದು ತುಂಡು ಕಂಬಳಿಯನ್ನು ಹಾಸಬೇಕು. ಇದು ನಮ್ಮ ಕಲ್ಪನೆಯಲ್ಲ. ಕಾಕಸಸ್ ಪರ್ವತದ ಜನರು ಕುರಿಯ ಉಣ್ಣೆಯ ಚರ್ಮಗಳಿಂದ ಹೊಳೆಯ ಹೊನ್ನನ್ನು ಹಿಡಿಯುತ್ತಾರೆಂದೂ ಗ್ರೀಕರ ಚಿನ್ನದ ಉಣ್ಣೆಯ ಕಥೆ ಅದರಿಂದ ಹುಟ್ಟಿರಬೇಕೆಂದೂ ಸ್ಟ್ರಾಬೋ ಎಂಬ ಭೂಗೋಳಕಾರನು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಕಂಬಳಿಯ ಮೇಲೆ ಅಡ್ಡಪಟ್ಟಿಗಳು. ಮುಕ್ಕಾಲು ಅಂಗುಲ ಎತ್ತರದ ರೀಪುಗಳನ್ನು ಎರಡೆರಡು ಅಂಗುಲದ ಅಂತರದಲ್ಲಿ ಏಣಿಯ ಮೆಟ್ಟಿಲುಗಳಂತೆ ಎರಡು ಉದ್ದಪಟ್ಟಿಗಳಿಗೆ ಜೋಡಿಸಿ, ಆ ಏಣಿಯನ್ನು ಕಂಬಳಿಯ ಮೇಲಿಟ್ಟು ಬೆಣೆ ಹೊಡೆದು ಬಿಗಿಯಬೇಕು. ಮೊಳೆ ಹೊಡೆಯಬಾರದು, ಕೊನೆಗೆ ಏಣಿಯನ್ನು ಎತ್ತಿ ಕಂಬಳಿಯನ್ನು ತೆಗೆಯಬೇಕಷ್ಟೆ. ಮೇಲಿನ ತುದಿಯ ಎಂಟು ಅಂಗುಲವನ್ನು ಪಟ್ಟಿಯಿಲ್ಲದೆ ನುಣುಪಾಗಿ ಬಿಡಬೇಕು. ಮಣ್ಣನ್ನು ಸುರಿಯುವುದು ಅಲ್ಲಿ.

ಈ ಅಡ್ಡಪಟ್ಟಿ ಮರಳನ್ನು ತಡೆಯುವ ಕಟ್ಟವೆಂದು ಮಕ್ಕಳು ತಿಳಿಯುತ್ತಾರೆ. ಹಾಗಲ್ಲ. ನೀರು ಪಟ್ಟಿಯನ್ನು ಹಾರಿ ಇಳಿದೊಡನೆ ಅದರ ಬೆನ್ನ ಹಿಂದೆ ಸಣ್ಣದೊಂದು ಸುಳಿ ತಿರುಗುತ್ತದೆ. ಹಗುರಾದ ಮರಳು ಆ ಸುಳಿಯಲ್ಲಿ ಎದ್ದು ಮುಂದಿನ ಹರಿವಿಗೆ ಸಿಕ್ಕಿ ಹೋಗುತ್ತದೆ, ಭಾರವಾದದ್ದು ಕೆಳಗಿಳಿದು ಕಂಬಳಿಯ ಎಳೆಗಳಲ್ಲಿ ಸೇರುತ್ತದೆ. ಸುಳಿ ಜೀವಂತವಾಗಿದ್ದರೆ ಮಾತ್ರ ಪೆಟ್ಟಿಗೆ ಕೆಲಸ ಮಾಡುವುದು. ಸಂದುಗಳು ಕಪ್ಪು ಮರಳಿನಿಂದ ಗಟ್ಟಿಯಾಗಿ ತುಂಬಿಕೊಂಡರೆ ಸುಳಿ ಸತ್ತಂತೆ. ಆಮೇಲೆ ಬಂದ ಚಿನ್ನವೂ ಮೇಲಿನಿಂದ ಜಾರಿಹೋಗುತ್ತದೆ. ಮಳೆಗಾಲದ ಬಳಿಕ ನಮ್ಮ ಕಡಲತೀರದ ಹೊಯಿಗೆಯಲ್ಲಿ ಕಾಣುವ ಕಪ್ಪು ಗೆರೆಗಳನ್ನು ನೆನೆಯಿರಿ. ಕೊಲ್ಲದ ಬಳಿಯ ಚವರದಲ್ಲಿ ಆ ಕಪ್ಪು ಮರಳೇ ದೊಡ್ಡ ಸಂಪತ್ತು. ಅಲ್ಲಿ ತೆರೆಗಳು ಮಾಡಿದ ಕೆಲಸವನ್ನೇ ಇಲ್ಲಿ ಸುಳಿಗಳು ಮಾಡುತ್ತವೆ.

ಪೆಟ್ಟಿಗೆಯ ಇಳಿಜಾರೇ ಎಲ್ಲಕ್ಕಿಂತ ಸೂಕ್ಷ್ಮ. ಅಡಿಗೆ ಒಂದು ಅಂಗುಲದಂತೆ ಮೂರು ಅಡಿಗೆ ಮೂರು ಅಂಗುಲ ಎತ್ತರಿಸಿ ಆರಂಭಿಸಬಹುದು. ಪಟ್ಟಿಗಳ ಮೇಲೆ ಒಂದು ಅಂಗುಲದಷ್ಟಾದರೂ ನೀರು ಹರಿಯಬೇಕು. ಎತ್ತರದ ಡ್ರಮ್ಮಿನಿಂದ ನೀರು ಬಿಟ್ಟು, ಕೆಳಗೆ ದೊಡ್ಡ ಬಾನಿಯಲ್ಲಿ ಹಿಡಿದು, ತಿಳಿಯಾದ ಮೇಲೆ ಮತ್ತೆ ಡ್ರಮ್ಮಿಗೆ ಹೊಯ್ಯಬೇಕು. ಏಪ್ರಿಲ್ ತಿಂಗಳಲ್ಲಿ ಬಾವಿಯ ನೀರನ್ನು ವಿಜ್ಞಾನದ ಹೆಸರಿನಲ್ಲಿಯೂ ಚೆಲ್ಲಬಾರದು.

ಚಿನ್ನವೆಲ್ಲಿ ಎಂದು ಕೇಳುವಿರಿ. ಹಿತ್ತಾಳೆಯಿದೆಯಲ್ಲ! ಲೇತಿನ ಅಂಗಡಿಯಲ್ಲಿ ಹಿತ್ತಾಳೆಯ ಸಣ್ಣ ಚೂರುಗಳು ಕೇಳಿದರೆ ಸಿಗುತ್ತವೆ. ನೋಟಕ್ಕೂ ಹಳದಿ; ಲೀಟರು ಗಾತ್ರಕ್ಕೆ ಸುಮಾರು ಎಂಟೂವರೆ ಕಿಲೋ, ಅಂದರೆ ನೀರೊಳಗೆ ಮರಳಿನ ನಾಲ್ಕೂವರೆ ಪಟ್ಟು. ಎಳ್ಳುಕಾಳಿನಷ್ಟು ದಪ್ಪದ ಇಪ್ಪತ್ತು ಚೂರುಗಳನ್ನು ಎಣಿಸಿ ಒಂದು ಬಕೆಟ್ಟು ಹೊಯಿಗೆಯಲ್ಲಿ ಬೆರೆಸಬೇಕು. ಹೊಯಿಗೆಯನ್ನು ಮೊದಲೇ ಜರಡಿಯಾಡಿ ದಪ್ಪ ಕಲ್ಲುಗಳನ್ನು ತೆಗೆದಿರಬೇಕು, ಜೇಡಿಯ ಉಂಡೆಗಳನ್ನು ಪುಡಿಮಾಡಿರಬೇಕು. ಉರುಳುವ ಜೇಡಿಯುಂಡೆ ಪಟ್ಟಿಗೆ ಪಟ್ಟಿಯನ್ನೇ ಗುಡಿಸಿಕೊಂಡು ಹೋಗುವ ಕಳ್ಳ. ಆಮೇಲೆ ಹಿಡಿಹಿಡಿಯಾಗಿ, ನಿಧಾನವಾಗಿ ಮೇಲಿನ ತುದಿಯಲ್ಲಿ ಬಿಡಬೇಕು.

ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳು ಈ ಪ್ರಯೋಗ ಮಾಡಿದಾಗ ಅವಸರದ ಗುಂಪೊಂದು ಪೆಟ್ಟಿಗೆಯನ್ನು ಕಡಿದಾಗಿ ನಿಲ್ಲಿಸಿತು. ಅರ್ಧಕ್ಕಿಂತ ಹೆಚ್ಚು ಚೂರುಗಳು ಬಾನಿ ಸೇರಿದವು. ಇನ್ನೊಂದು ಗುಂಪು ಜಾಗ್ರತೆಯಿಂದ ಮಟ್ಟವಾಗಿಟ್ಟಿತು. ಪೆಟ್ಟಿಗೆ ತುಂಬ ಹೊಯಿಗೆಯೇ ಕಟ್ಟಿ ನಿಂತಿತು. ಮೂರನೆಯ ಗುಂಪಿನ ಹೆಣ್ಣುಮಗಳೊಬ್ಬಳು ಇಳಿಜಾರನ್ನು ಮುಟ್ಟದೆ ನೀರನ್ನು ಮಾತ್ರ ಹೆಚ್ಚುಕಡಿಮೆ ಮಾಡುತ್ತ, ಸಂದುಗಳಲ್ಲಿ ಮರಳು ಕುಣಿಯುವುದನ್ನು ಬಗ್ಗಿ ನೋಡುತ್ತ ಹದಕ್ಕೆ ತಂದಳು. ಎರಡು ಚೂರುಗಳಷ್ಟೇ ತಪ್ಪಿದವು. ಮನೆಯಲ್ಲಿ ಅಕ್ಕಿ ಜಾಲಿಸುವುದು ಅವಳದೇ ಕೆಲಸವೆಂದು ಆಮೇಲೆ ತಿಳಿಯಿತು.

ಗೂಡಲೂರಿನ ಹುಡುಗನು ತನ್ನ ಪೆಟ್ಟಿಗೆಯಲ್ಲಿ ಎಷ್ಟು ಚೂರುಗಳನ್ನು ಉಳಿಸಿಕೊಂಡನೆಂದು ನಮಗೆ ಬರೆಯಲಿ; ಇಳಿಜಾರು ಎಷ್ಟು, ನೀರು ಎಷ್ಟೆಂಬುದನ್ನೂ ಗುರುತು ಹಾಕಿಕೊಂಡಿರಲಿ. ಕಂಬಳಿಯನ್ನು ಬಕೆಟ್ಟಿನ ನೀರಿನಲ್ಲಿ ಮಗುಚಿ ಜಾಡಿಸಿ, ತಳದಲ್ಲಿ ಉಳಿದದ್ದನ್ನು ಅಡಿಕೆಯ ಹಾಳೆಯ ಮೇಲೆ ಹರಡಿ ಹೆಕ್ಕಬೇಕು. ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿದರೆ ಕಪ್ಪು ಮರಳಿನಲ್ಲಿರುವ ಕಬ್ಬಿಣದ ಕಣಗಳು ಬೇರೆಯಾಗಿ ಹಳದಿಯ ಚೂರುಗಳು ಎದ್ದು ಕಾಣುತ್ತವೆ. ಮುಂದಿನ ಗುಂಪಿಗೆ ಕೊಡುವ ಮೊದಲು ಚೂರುಗಳನ್ನು ಮತ್ತೊಮ್ಮೆ ಎಣಿಸತಕ್ಕದ್ದು.