ಭಂಗಿ, ಪ್ರಮಾದ ಮತ್ತು ಅಬಕಾರಿ

ಗಾಂಜಾವನ್ನು ಶಾಸನಬದ್ಧಗೊಳಿಸಬೇಕೆಂಬ ವಾದವು ಈಚೆಗೆ ಪರಂಪರೆಯ ವೇಷ ತೊಟ್ಟಿದೆ. ಆರೂಢರ, ಅವಧೂತರ ಮಠಗಳಲ್ಲಿ ಭಂಗಿಸೇವನೆಯುಂಟು, ತಿಂಥಿಣಿಯ ಮೌನೇಶ್ವರನ ಸನ್ನಿಧಿಯಲ್ಲಿ ಅದು ಪ್ರಸಾದ, ಆದುದರಿಂದ ಅಂಗಡಿ ತೆರೆಯಬೇಕು ಎಂಬುದು ವಾದಸರಣಿ. ಈ 'ಆದುದರಿಂದ' ಎಂಬಲ್ಲಿಯೇ ದೋಷವಿದೆ. ಗುರುವಿನ ಅಪ್ಪಣೆಗೂ ಜಾತ್ರೆಯ ಗಡುವಿಗೂ ಒಳಪಟ್ಟ ಆಚರಣೆಯನ್ನು, ಗಿರಾಕಿ ಹೆಚ್ಚಿದಷ್ಟೂ ಲಾಭ ಹೆಚ್ಚುವ ವ್ಯಾಪಾರಕ್ಕೆ ಪ್ರಮಾಣವಾಗಿ ಒಡ್ಡಲಾಗದು.

ಕರ್ನಾಟಕ ಉಚ್ಚ ನ್ಯಾಯಾಲಯದ 2022ರ ಆದೇಶವನ್ನೂ ಹೀಗೆಯೇ ತಿರುಚಿ ಓದಲಾಗುತ್ತಿದೆ. ಅದು ಜಾಮೀನಿನ ಪ್ರಕರಣ. 1985ರ ಎನ್‌ಡಿಪಿಎಸ್ ಕಾಯ್ದೆಯು ಗಾಂಜಾ ಎಂದು ಕರೆಯುವುದು ಗಿಡದ ಹೂತೆನೆಗಳನ್ನು. ತೆನೆಯಿಲ್ಲದ ಎಲೆ, ಬೀಜಗಳು ಆ ವ್ಯಾಖ್ಯೆಯ ಹೊರಗೆ. ಭಂಗಿ ಉಳಿದುಕೊಂಡದ್ದು ಈ ಸಂದಿಯಲ್ಲಿ. ವ್ಯಾಖ್ಯೆಯ ಅಂಚನ್ನು ಗುರುತಿಸಿದ ಆದೇಶವನ್ನು ಗಾಂಜಾಕ್ಕೆ ದೊರೆತ ಪರವಾನಗಿಯೆಂದು ಸಾರುವುದು ಪಠ್ಯಕ್ಕೆ ಬಗೆಯುವ ಅನ್ಯಾಯ.

ಎದುರು ಪಕ್ಷದವರೂ ಶಾಸ್ತ್ರವನ್ನು ಸರಿಯಾಗಿ ಓದಿದವರಲ್ಲ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲಿ ಮಧು, ಮಾಂಸಗಳ ತ್ಯಾಗಕ್ಕೆ ತ್ರಸಜೀವಿಗಳ ಹಿಂಸೆ ಕಾರಣವಾದರೆ, ಮದ್ಯತ್ಯಾಗಕ್ಕೆ ಹೇಳಿದ ಕಾರಣ ಪ್ರಮಾದ. ಎಚ್ಚರ ತಪ್ಪುವುದೇ ದೋಷವೆಂದ ಮೇಲೆ, ಭಂಗಿಯ ಹೆಸರು ಅಲ್ಲಿಲ್ಲವೆಂದು ನುಣುಚಿಕೊಳ್ಳುವಂತಿಲ್ಲ. ಆದರೆ ಅದು ಶ್ರಾವಕನು ತಾನೇ ಕೈಗೊಳ್ಳುವ ವ್ರತ. ವ್ರತಭಂಗಕ್ಕೆ ಪ್ರಾಯಶ್ಚಿತ್ತವುಂಟು, ಸೆರೆಮನೆಯಿಲ್ಲ. ವ್ರತವನ್ನು ದಂಡಸಂಹಿತೆಯಾಗಿ ಮಾರ್ಪಡಿಸಿದರೆ ಅದು ವ್ರತವಾಗಿಯೂ ಉಳಿಯದು.

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದಂತಹ ಕಡೆ ಪ್ರಮಾದವೆಂಬುದು ಪರಿಭಾಷೆಯಲ್ಲ. ರಾತ್ರಿ ಪಾಳಿಯಲ್ಲಿ ಪ್ರೆಸ್ ಯಂತ್ರದ ಮುಂದೆ ನಿಂತವನ ಎಚ್ಚರ ಒಂದು ಕ್ಷಣ ತಪ್ಪಿದರೆ ಹೋಗುವುದು ಬೆರಳು. ವೈಯಕ್ತಿಕ ಸ್ವಾತಂತ್ರ್ಯದ ಮಾತನಾಡುವ ನಗರದ ವಿದ್ವಾಂಸರ ಲೆಕ್ಕಕ್ಕೆ ಈ ಬೆರಳು ಬರುವುದಿಲ್ಲ. ಅದೇ ಕೂಲಿಕಾರನ ಜೇಬಿನಲ್ಲಿ ಚಿಟಿಕೆ ಗಾಂಜಾ ಸಿಕ್ಕರೆ ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ; ಸೇದಿದ್ದಕ್ಕೆ ಆರು ತಿಂಗಳವರೆಗೆ ಸೆರೆ. ವಕೀಲನನ್ನು ಹಿಡಿಯಲಾಗದವನಿಗೆ ಮೊಕದ್ದಮೆಯೇ ಶಿಕ್ಷೆ. ಇದು ನಿಷೇಧವಾದಿಗಳ ಲೆಕ್ಕಕ್ಕೂ ಬರುವುದಿಲ್ಲ.

ಇನ್ನು ತೆರಿಗೆಯ ಆಮಿಷ. ಮಾರಲು ಬಿಟ್ಟು, ತೆರಿಗೆ ವಿಧಿಸಿ, ಆ ಹಣದಲ್ಲಿ ವ್ಯಸನಮುಕ್ತಿ ಕೇಂದ್ರ ನಡೆಸಬಹುದಂತೆ! ಕರ್ನಾಟಕದಲ್ಲಿ ಈ ಪ್ರಯೋಗ ಮದ್ಯದ ಮೇಲೆ ಆಗಿಹೋಗಿದೆ. 2003ರಲ್ಲಿ ಸರ್ಕಾರ ಪಾನೀಯ ನಿಗಮ ಸ್ಥಾಪಿಸಿ ತಾನೇ ಸಗಟು ವ್ಯಾಪಾರಿಯಾಯಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅಬಕಾರಿಯ ಹಸಿವು ನಿಲ್ಲಲಿಲ್ಲ. 2023-24ಕ್ಕೆ 36,000 ಕೋಟಿ ರೂಪಾಯಿಯಿದ್ದ ಅಬಕಾರಿ ಗುರಿ 2025-26ಕ್ಕೆ 40,000 ಕೋಟಿಗೆ ಏರಿದೆ. ಕುಡಿತದಿಂದ ಇಷ್ಟು ಬರಲೇಬೇಕೆಂದು ಆಯವ್ಯಯದಲ್ಲಿ ಬರೆದಿಟ್ಟ ಖಜಾನೆಗೆ ಕುಡಿತ ಇಳಿಯುವುದು ನಷ್ಟದ ಬಾಬತ್ತು. ಶಾಸನಬದ್ಧತೆಯ ವಕ್ತಾರರು ಬಾಯಿತುಂಬ ಉದ್ಧರಿಸುವ 1893-94ರ ಭಾಂಗ್-ಗಾಂಜಾ ಆಯೋಗವೂ ಪೂರ್ಣ ನಿಷೇಧ ಬೇಡವೆಂದಾಗ ಸೂಚಿಸಿದ್ದು ಪರವಾನಗಿ, ತೆರಿಗೆಗಳ ಹಿಡಿತವನ್ನೇ. ವಸಾಹತು ಸರ್ಕಾರಕ್ಕೂ ಅಬಕಾರಿ ಬೇಕಿತ್ತೆಂಬುದನ್ನು ಮಾತ್ರ ಇವರು ಮರೆಯುತ್ತಾರೆ.

ಹೆರಾಯಿನ್, ಎಂಡಿಎಂಎಗಳನ್ನೂ ಇದೇ ಗಂಟಿಗೆ ಸೇರಿಸುವ ಮಾತಿಗೆ ಉತ್ತರದ ಅಗತ್ಯವಿಲ್ಲ. ಗಿಡದ ಪರಂಪರೆಯ ವಾದ ಪ್ರಯೋಗಶಾಲೆಯ ಪುಡಿಗೆ ಅನ್ವಯಿಸದು.

ಬಳಸುವವನನ್ನು ಸೆರೆಯಿಂದ ಬಿಡಿಸುವುದು ಬೇರೆ, ಮಾರುವವನಿಗೆ ಹಲಗೆ ತೂಗುಹಾಕಿ ಕೊಡುವುದು ಬೇರೆ. ಮೊದಲನೆಯದು ಆಗಬೇಕು, ಎರಡನೆಯದು ಕೂಡದು. ಕಾಯ್ದೆಯ 64ಎ ಕಲಮು ಚಿಕಿತ್ಸೆಗೆ ತಾನಾಗಿ ಮುಂದಾದ ವ್ಯಸನಿಯನ್ನು ಮೊಕದ್ದಮೆಯಿಂದ ಕಾಪಾಡುತ್ತದೆ. ಆದರೆ ಆ ರಕ್ಷಣೆ ಆರೋಪ ಹೊತ್ತ ಮೇಲಿನದು, ವ್ಯಸನಿಯೆಂದು ಒಪ್ಪಿಕೊಂಡವನಿಗೆ ಮಾತ್ರ. ಒಮ್ಮೆ ಸೇದಿ ಸಿಕ್ಕಿಬಿದ್ದ ಹುಡುಗನಿಗೆ ಅಲ್ಲಿ ಎಡೆಯಿಲ್ಲ. ತಿದ್ದುಪಡಿಯಾಗಬೇಕಾದ್ದು ಈ ಕಲಮಿಗೆ, ಸೇವನೆಯನ್ನು ದಂಡಿಸುವ 27ನೆಯ ಕಲಮಿಗೆ, ಮತ್ತು ಅಲ್ಪ ಪ್ರಮಾಣವನ್ನು ಇಟ್ಟುಕೊಂಡವನಿಗೂ ಕಠಿಣ ಸಜೆ ಹೇಳುವ 20ನೆಯ ಕಲಮಿಗೆ. ಅಬಕಾರಿಯ ಅನುಸೂಚಿಗೆ ಹೊಸದೊಂದು ಸರಕನ್ನು ಸೇರಿಸಬೇಕಾಗಿಲ್ಲ.